ಹಳೇ ಮನೆಯ ಅಡುಗೆಮನೆ: ಕೆಡವದೆ ಹೊಸದು ಮಾಡುವ ಬಗೆ

ಸಾಗರದ ಕಡೆಯ ನಮ್ಮ ಹೆಂಚಿನ ಮನೆಗೆ ಎಪ್ಪತ್ತು ದಾಟಿದೆ. ಅದರ ಅಡುಗೆಮನೆಯನ್ನು ನಾವು ಎರಡು ಸಲ ಹೊಸದು ಮಾಡಿದ್ದೇವೆ. ಮೊದಲ ಸಲ ಮಾತಾಡಿದ ವಾರಕ್ಕೇ ಕೆಲಸ ಶುರು. ಮಣ್ಣಿನ ಗೋಡೆಗೆ ನಾಲ್ಕಡಿ ಎತ್ತರ ಸಿಮೆಂಟ್ ಬಳಿಸಿ, ಮೇಲೆ ಬಿಳಿ ಟೈಲ್ಸ್ ಅಂಟಿಸಿ, ನೆಂಟರನ್ನೆಲ್ಲ ಕರೆದು ತೋರಿಸಿದ್ದೂ ಆಯಿತು. ಮೂರನೇ ಮಳೆಗಾಲದಲ್ಲಿ ಸಿಂಕಿನ ಪಕ್ಕದ ಟೈಲ್ಸನ್ನು ಬೆರಳಲ್ಲಿ ತಟ್ಟಿದರೆ ಖಾಲಿ ಡಬ್ಬದ ಸದ್ದು ಬರತೊಡಗಿತು. ನಾಲ್ಕನೆಯದರಲ್ಲಿ ಒಂದು ರಾತ್ರಿ ಅಷ್ಟೂ ಟೈಲ್ಸ್ ಸಿಮೆಂಟಿನ ಸಮೇತ ಕಳಚಿಕೊಂಡು ತೊಳೆದಿಟ್ಟ ಪಾತ್ರೆಗಳ ಮೇಲೆ ಬಿತ್ತು. ದೀಪ ಹಾಕಿ ನೋಡಿದರೆ ಹಿಂದಿನ ಗೋಡೆ ಒದ್ದೆ ಬೆಲ್ಲದ ಹಾಗೆ ಕರಗಿ ನಿಂತಿತ್ತು.

ಎರಡನೇ ಸಲ ಒಂದು ವರ್ಷ ಬರೀ ನೋಡಿದೆವು, ಆಮೇಲೆ ಕೈ ಹಾಕಿದೆವು. ಇಲ್ಲಿರುವುದು ಆ ಎರಡನೇ ಸಲದ ಪಾಠ. ‘ಪರಿಸರಸ್ನೇಹಿ’ ಎಂದು ಚೀಟಿ ಹಚ್ಚಿದ ಸಾಮಾನು ತಂದು ತುಂಬಿದ ಮಾತ್ರಕ್ಕೆ ಅಡುಗೆಮನೆಯ ಖರ್ಚು ಇಳಿಯುವುದಿಲ್ಲ. ಹಳೇ ಮನೆಯಲ್ಲಿ ಮೊದಲು ತೇವ, ಆಮೇಲೆ ಗಾಳಿ-ಬೆಳಕು, ಆಮೇಲೆ ಗೋಡೆ-ನೆಲ, ಅಂಗಡಿಯ ಸರದಿ ಕಟ್ಟಕಡೆಗೆ. ಈ ಕ್ರಮ ತಪ್ಪಿಸಿದ್ದಕ್ಕೇ ನಮ್ಮ ಮೊದಲ ದುಡ್ಡು ಬಚ್ಚಲಿಗೆ ಹೋಯಿತು.

ಮೊದಲು ನೋಡುವುದು

ಒಂದು ತಿಂಗಳು ಗೋಡೆಗೆ ಕ್ಯಾಲೆಂಡರ್ ನೇತುಹಾಕಿ ನಾಲ್ಕು ಸಂಗತಿ ಗುರುತು ಹಾಕಿ. ಸಿಲಿಂಡರ್ ಎಷ್ಟು ದಿನ ಬಂತು. ಕರೆಂಟ್ ಬಿಲ್ಲಿನಲ್ಲಿ ಎಷ್ಟು ಯೂನಿಟ್. ಹಗಲು ಹೊತ್ತಿನಲ್ಲಿ ಎಷ್ಟು ಗಂಟೆ ದೀಪ ಉರಿಯಿತು. ಒಗ್ಗರಣೆ ಹಾಕಿದ ಘಾಟು ಎಷ್ಟು ಹೊತ್ತು ನಿಂತಿತ್ತು. ಕೊನೆಯದು ತಮಾಷೆ ಅನ್ನಿಸಬಹುದು, ಆದರೆ ಗಾಳಿಯ ಓಟ ತಿಳಿಯಲು ಅದಕ್ಕಿಂತ ಒಳ್ಳೇ ಅಳತೆ ನನಗೆ ಸಿಕ್ಕಿಲ್ಲ.

ಇನ್ನೂ ಖಚಿತವಾಗಿ ತಿಳಿಯಬೇಕಾದರೆ ಊದಿನಕಡ್ಡಿ ಹಚ್ಚಿ. ಕಿಟಕಿ ಬಾಗಿಲು ಎಂದಿನಂತೆ ಇಟ್ಟು, ಕಡ್ಡಿಯನ್ನು ಒಲೆಯ ಮೇಲೆ, ಸಿಂಕಿನ ಮೇಲೆ, ಬಾಗಿಲ ಹೊಸಿಲ ಮೇಲೆ ಒಂದೊಂದು ನಿಮಿಷ ಹಿಡಿದು ಹೊಗೆ ಎತ್ತ ವಾಲುತ್ತದೆ ನೋಡಿ. ನಮ್ಮಲ್ಲಿ ಒಲೆಯ ಮೇಲಿನ ಹೊಗೆ ನೇರ ಮೇಲೆದ್ದು, ತೊಲೆಗೆ ಬಡಿದು, ತಿರುಗಿ ಊಟದ ಕೋಣೆಗೇ ಬರುತ್ತಿತ್ತು. ಹಿಂದಿನವರು ಬಿಟ್ಟಿದ್ದ ಬೆಳಕಿಂಡಿಗೆ ಯಾರೋ ಇಲಿ ಬರುತ್ತದೆ ಅಂತ ಹಲಗೆ ಹೊಡೆದಿದ್ದರು. ಹಲಗೆ ತೆಗೆದು ಜಾಲರಿ ಹಾಕಿದೆವು. ಅರ್ಧ ಸಮಸ್ಯೆ ಅವತ್ತೇ ತೀರಿತು, ಖರ್ಚು ಒಂದು ಜಾಲರಿ, ಎಂಟು ಮೊಳೆ.

ತೇವ ನೋಡಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ ನಾಲ್ಕೂ ಅಂಚಿಗೆ ಟೇಪ್ ಹಾಕಿ ಎರಡು ದಿನ ಬಿಡಿ. ಹನಿ ಹಾಳೆಯ ಒಳಮೈಗೆ ಕೂತಿದ್ದರೆ ನೀರು ಗೋಡೆಯಿಂದ ಬರುತ್ತಿದೆ ಎಂದರ್ಥ, ಹೊರಮೈಗೆ ಕೂತಿದ್ದರೆ ಕೋಣೆಯ ಹಬೆಯಿಂದ. ಎರಡಕ್ಕೂ ಮದ್ದು ಬೇರೆ ಬೇರೆ. ನೆಲಕ್ಕೂ ಇದೇ ಪರೀಕ್ಷೆ.

ತೇವದ ಬಾಯಿ ಮುಚ್ಚುವುದು

ಗೋಡೆ ಒದ್ದೆ ಅಂದ ತಕ್ಷಣ ಬಣ್ಣದಂಗಡಿಯವರು ವಾಟರ್‌ಪ್ರೂಫ್ ಡಬ್ಬಿ ಎತ್ತಿ ಕೊಡುತ್ತಾರೆ. ತಗೋಬೇಡಿ, ಈಗಲೇ ಬೇಡ. ಮೊದಲು ಮನೆಯ ಹಿಂದಕ್ಕೆ ಹೋಗಿ ನಿಂತು ನೋಡಿ. ಹಳೇ ಮನೆಗಳ ಹಿತ್ತಿಲಲ್ಲಿ ವರ್ಷವರ್ಷವೂ ಮಣ್ಣು, ಬೂದಿ, ಕಸ ಬಿದ್ದು ನೆಲ ಏರಿರುತ್ತದೆ. ನಮ್ಮಲ್ಲಿ ಹೊರಗಿನ ನೆಲ ಒಳಗಿನ ನೆಲಕ್ಕಿಂತ ಒಂದು ಗೇಣು ಮೇಲಿತ್ತು. ಗೋಡೆ ನೀರು ಕುಡಿಯದೆ ಇನ್ನೇನು ಮಾಡೀತು?

ಗೋಡೆಯಿಂದ ಎರಡಡಿ ಅಗಲಕ್ಕೆ ಮಣ್ಣು ತೆಗೆಸಿ, ಹೊರಗಿನ ಮಟ್ಟ ಒಳಗಿನ ನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗೆ ಬರುವಂತೆ ಮಾಡಿ. ಪಾಯ ಬಯಲಾಗುವಷ್ಟು ಆಳ ಅಗೆಯಬೇಡಿ. ಆ ಜಾಗಕ್ಕೆ ಜಲ್ಲಿ ತುಂಬಿ, ಹೊರಕ್ಕೆ ಇಳಿಜಾರು ಕೊಟ್ಟು, ಸೂರಿನ ನೀರು ಬೀಳುವಲ್ಲಿ ಕಲ್ಲು ಹಾಸಿ. ಹನಿ ಮಣ್ಣಿಗೆ ಬಿದ್ದು ಗೋಡೆಗೆ ಸಿಡಿಯುವುದು ನಿಲ್ಲಬೇಕು. ಸಿಂಕಿನ ಕೊಳವೆ, ಪಕ್ಕದ ಬಚ್ಚಲ ಗೋಡೆ, ಎರಡನ್ನೂ ಸೋರಿಕೆಗೆ ಪರೀಕ್ಷಿಸಿ.

ಆಮೇಲೆ ಸಿಮೆಂಟ್ ಪ್ಲಾಸ್ಟರ್ ಇದ್ದರೆ ಒದ್ದೆಯಿರುವ ಎತ್ತರಕ್ಕಿಂತ ಒಂದಡಿ ಮೇಲಿನವರೆಗೂ ಕೆತ್ತಿಸಿ, ಗೋಡೆಯನ್ನು ಬೆತ್ತಲೆ ಬಿಡಿ. ಮಣ್ಣಿನ, ಸುಣ್ಣದ, ಜಂಬಿಟ್ಟಿಗೆಯ ಗೋಡೆ ನೀರು ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸಿಮೆಂಟ್ ಬಳಿದರೆ ಹೀರುವುದು ನಿಲ್ಲುವುದಿಲ್ಲ, ಬಿಡುವುದು ಮಾತ್ರ ನಿಲ್ಲುತ್ತದೆ. ನೀರಿನೊಟ್ಟಿಗೆ ಬಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಅದನ್ನು ಹೊರಕ್ಕೆ ದೂಡುತ್ತದೆ. ನಮ್ಮ ಪಾತ್ರೆಗಳ ಮೇಲೆ ಬಿದ್ದದ್ದು ಅದೇ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಒಂದು ಬೇಸಿಗೆ ಪೂರ್ತಿ ಒಣಗಲು ಬಿಟ್ಟರೆ ಉತ್ತಮ. ಅಷ್ಟು ದಿನ ಅಡುಗೆ ಎಲ್ಲಿ ಅಂತ ಕೇಳಬಹುದು. ನಾವು ಜಗಲಿಯ ಮೂಲೆಯಲ್ಲಿ ಎರಡು ಬರ್ನರ್ ಇಟ್ಟುಕೊಂಡು ಕಾಲ ಹಾಕಿದೆವು. ‘ಬೇಸಿಗೆ ರಜೆಗೆ ಬಂದವರ ಹಾಗೆ ಆಯ್ತು ನಮ್ಮ ಬಾಳು’ ಅಂತ ಅತ್ತೆ ದಿನಾ ಅನ್ನುತ್ತಿದ್ದರು.

ಬಿಚ್ಚುವಾಗ

ಒಡೆಯುವ ಕೂಲಿಗಿಂತ ಬಿಚ್ಚುವ ಕೂಲಿ ಜಾಸ್ತಿ, ಆದರೆ ಬಿಚ್ಚಿದ್ದು ವಾಪಸ್ ಬರುತ್ತದೆ. ಕಡಪ ಕಲ್ಲಿನ ಚಪ್ಪಡಿ, ಮತ್ತಿ-ಹೊನ್ನೆ-ಹಲಸಿನ ಹಲಗೆ, ಕಬ್ಬಿಣದ ಸರಳಿನ ಕಿಟಕಿ, ಹೆಂಚು, ಇವನ್ನೆಲ್ಲ ಅಳತೆ ಬರೆದು ಒಂದು ಕಡೆ ಪೇರಿಸಿ. ಹೊಸ ನಕ್ಷೆಯನ್ನು ಈ ಅಳತೆಗಳಿಗೆ ಹೊಂದಿಸಿಯೇ ಹಾಕಿ. ಹೊಸ ಸಾಮಾನು ಸುಟ್ಟು, ಕೊಯ್ದು, ಲಾರಿಯಲ್ಲಿ ಸಾಗಿಸಿ ಬರುವ ಇಂಧನವೆಲ್ಲ ಇಲ್ಲಿ ಉಳಿಯುತ್ತದೆ. ಒಡೆದ ಇಟ್ಟಿಗೆ, ಗಾರೆ ಚೂರನ್ನು ಎಸೆಯಬೇಡಿ, ನೆಲದ ತಳಕ್ಕೆ ಬೇಕು.

ಎರಡು ಕಡೆ ಮಾತ್ರ ಎಚ್ಚರ. ಹಿಂದಕ್ಕೆ ಇಳಿಸಿದ ಮಾಡಿಗೆ ಆಸ್ಬೆಸ್ಟಾಸ್ ಶೀಟ್ ಹಾಕಿದ್ದರೆ ಒಡೆಯಬಾರದು, ಕೊರೆಯಬಾರದು. ಅದರ ಎಳೆ ಉಸಿರಲ್ಲಿ ಹೋದರೆ ಶ್ವಾಸಕೋಶಕ್ಕೆ ಅಪಾಯ. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಮಾಸ್ಕ್ ಹಾಕಿಕೊಂಡು ಇಡಿಯಾಗಿ ಇಳಿಸಬೇಕು. ಇನ್ನೊಂದು, ಬಾಗಿಲು ಕಿಟಕಿಯ ಹಳೇ ಎಣ್ಣೆ ಬಣ್ಣ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 90 ಪಾಲು, ಮೀರಬಾರದು ಎಂಬ ನಿಯಮ ಜಾರಿಯಾದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೆ ಹಿಂದಿನ ಬಣ್ಣವನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ, ಒದ್ದೆ ಮಾಡಿ ಕೆರೆಯಿರಿ. ಆ ದಿನ ಮಕ್ಕಳು, ಬಸುರಿಯರು ಆ ಕಡೆ ಸುಳಿಯದಿರಲಿ.

ಹೊಗೆ ನಿಂತ ಮೇಲೆ ಸೂರಿಗೆ ಏನಾಗುತ್ತದೆ

ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಸೌದೆ ಒಲೆ ಇದ್ದಾಗ ಅಡುಗೆಮನೆಯಲ್ಲಿ ಹೆಂಚು ಹೊರುವ ಮರದ ಪಕಾಸು, ರೀಪುಗಳಿಗೆ ದಿನಾ ಹೊಗೆ ಹಿಡಿಯುತ್ತಿತ್ತು. ಮಸಿಯ ಇಲ್ಲಣ ಜೋತುಬಿದ್ದು ನೋಡಲು ಅಸಹ್ಯ, ಆದರೆ ಮರ ಒಣಗಿ ಗರಿಗರಿಯಾಗಿ, ಹುಳ ಹತ್ತಿರ ಬರದೆ ದಶಕಗಟ್ಟಲೆ ನಿಂತಿತ್ತು. ಗ್ಯಾಸ್ ಬಂತು, ಹೊಗೆ ನಿಂತಿತು, ಕಣ್ಣಿಗೂ ಎದೆಗೂ ಒಳ್ಳೆಯದಾಯಿತು. ಸೂರು ಮಾತ್ರ ಅನಾಥವಾಯಿತು. ಈಗ ಮೇಲಿನಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಹುಳ ಒಳಗೆ ಮನೆ ಮಾಡಿದೆ ಎಂದು ತಿಳಿಯಿರಿ.

ಹೆಂಚು ಇಳಿಸಿದಾಗಲೇ ಮದ್ದು ಮಾಡಬೇಕು. ಪ್ರತಿ ಪಕಾಸನ್ನೂ ಸ್ಕ್ರೂಡ್ರೈವರ್ ತುದಿಯಲ್ಲಿ ಅಡಿಗೊಂದು ಕಡೆ ಚುಚ್ಚಿ. ತುದಿ ಸಲೀಸಾಗಿ ಇಳಿದಲ್ಲಿ ಆ ಭಾಗವನ್ನಷ್ಟೇ ಕತ್ತರಿಸಿ ಜೋಡು ಹಾಕಿಸಿ. ಗಟ್ಟಿ ಇರುವುದಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಕರಾವಳಿಯ ಹಳೇ ರೂಢಿ. ಮರ ಕಪ್ಪಾಗುತ್ತದೆ, ಹುಳ ಮುಟ್ಟುವುದಿಲ್ಲ. ಆದರೆ ಅದು ಚರ್ಮ ಸುಡುವ ಎಣ್ಣೆ, ಕೈಗವಸು, ತುಂಬುತೋಳಿನ ಅಂಗಿ ಇಲ್ಲದೆ ಬಳಿದರೆ ಬೊಬ್ಬೆ ಏಳುತ್ತದೆ. ಆ ಉಸಾಬರಿ ಬೇಡದವರು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಪುಡಿಯನ್ನು ಬಿಸಿನೀರಲ್ಲಿ ಕರಗಿಸಿ ಎರಡು ಕೈ ಬಳಿಯಬಹುದು. ಇದು ಮಳೆನೀರು ತಾಗಿದರೆ ತೊಳೆದುಹೋಗುತ್ತದೆ, ಒಳಗಿನ ಮರಕ್ಕೆ ಮಾತ್ರ.

ಹೆಂಚನ್ನು ಬದಲಿಸುವ ಅಗತ್ಯ ಬಹಳ ಸಲ ಇರುವುದೇ ಇಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಹಬ್ಬಿದ ಉದ್ಯಮ ಅದು. ಆ ಕಾಲದ ಹೆಂಚು ಇನ್ನೂ ಎಷ್ಟೋ ಸೂರುಗಳ ಮೇಲಿದೆ. ಮಗುಚಿ ಬೆನ್ನು ನೋಡಿ, ಕಾರ್ಖಾನೆಯ ಹೆಸರು ಒತ್ತಿರುತ್ತದೆ. ನಾಣ್ಯದಲ್ಲಿ ತಟ್ಟಿದಾಗ ಟಿಣ್ ಅಂದರೆ ಗಟ್ಟಿ, ಮಂಕು ಸದ್ದು ಬಂದರೆ ಬಿರುಕು. ಪಾಚಿ ಉಜ್ಜಿ ತೊಳೆದು ಮತ್ತೆ ಹೊದಿಸಿ.

ಬೆಳಕಿಗೆ ಗಾಜಿನ ಹೆಂಚು. ಹತ್ತು-ಹನ್ನೆರಡಡಿಯ ಕೋಣೆಗೆ ಎರಡು ಸಾಕು. ನಾವು ಆಸೆಬಿದ್ದು ನಾಲ್ಕು ಹಾಕಿ, ಏಪ್ರಿಲ್‌ನಲ್ಲಿ ದೋಸೆ ಹೆಂಚಿನ ಕೆಳಗೇ ನಿಂತ ಹಾಗಾಗಿ ಎರಡನ್ನು ತೆಗೆಸಿದೆವು. ಒಂದು ಸಿಂಕಿನ ಮೇಲೆ, ಒಂದು ಹೆಚ್ಚುವ ಜಾಗದ ಮೇಲೆ ಬರಲಿ.

ತಾರಸಿ ಮನೆಯವರಿಗೆ ಇಷ್ಟೆಲ್ಲ ಇಲ್ಲ. ಮಳೆಗಾಲ ಮುಗಿದ ಮೇಲೆ ತಾರಸಿ ತೊಳೆದು, ಬಿರುಕು ಮುಚ್ಚಿ, ಸುಣ್ಣವನ್ನೋ ಬಿಸಿಲು ಹಿಂದಟ್ಟುವ ಬಿಳಿ ಬಣ್ಣವನ್ನೋ ಎರಡು ಕೈ ಹೊಡೆಯಿರಿ. ಕೆಳಗಿನ ಅಡುಗೆಮನೆ ಮಧ್ಯಾಹ್ನಕ್ಕೆ ಎಷ್ಟು ತಣ್ಣಗಾಯಿತು ಅಂತ ಅದೇ ದಿನ ಗೊತ್ತಾಗುತ್ತದೆ.

ಒಲೆ ಎಲ್ಲಿ, ಗಾಳಿ ಎತ್ತ

ಆಗ್ನೇಯ ಮೂಲೆಯ ಮಾತು ಬಂದೇ ಬರುತ್ತದೆ. ನಮ್ಮಲ್ಲೂ ಬಂತು. ನಾನು ವಾದಕ್ಕಿಳಿಯಲಿಲ್ಲ. ಊದಿನಕಡ್ಡಿ ಹಚ್ಚಿ ಅತ್ತೆಯ ಕೈಗೇ ಕೊಟ್ಟೆ. ಆಗ್ನೇಯದಲ್ಲೇ ಒಂದೂವರೆ ಅಡಿ ಈಚೆ, ಬೆಳಕಿಂಡಿಯ ನೇರ ಕೆಳಗೆ ಹೊಗೆ ದಾರದ ಹಾಗೆ ಹೊರಗೆ ಹೋಯಿತು. ‘ಇಲ್ಲೇ ಇಡು ಹಂಗಾದ್ರೆ’ ಅಂದರು. ಶಾಸ್ತ್ರವೂ ಉಳಿಯಿತು, ಘಾಟೂ ಹೋಯಿತು.

ಫ್ಯಾನ್ ಬೇಕೇ ಬೇಕು ಅನ್ನಿಸಿದರೆ ಲೆಕ್ಕ ಸುಲಭ. ಕೋಣೆಯ ಉದ್ದ, ಅಗಲ, ಎತ್ತರ ಮೀಟರಿನಲ್ಲಿ ಗುಣಿಸಿ. ಅಡುಗೆಮನೆಯ ಗಾಳಿ ಗಂಟೆಗೆ ಸುಮಾರು ಹದಿನೈದು ಸಲ ಬದಲಾಗಬೇಕು ಎಂದಿಟ್ಟುಕೊಳ್ಳಿ. 3.5 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರವಾದರೆ 31.5 ಘನ ಮೀಟರ್, ಹದಿನೈದರಿಂದ ಗುಣಿಸಿದರೆ ಸುಮಾರು 470. ಎಕ್ಸಾಸ್ಟ್ ಫ್ಯಾನಿನ ಡಬ್ಬಿಯ ಮೇಲೆ ಗಂಟೆಗೆ ಇಷ್ಟು ಘನ ಮೀಟರ್ ಎಂದು ಬರೆದಿರುತ್ತದೆ, ಇದಕ್ಕೆ ಹೊಂದುವುದನ್ನು ತನ್ನಿ. ಫ್ಯಾನಿನ ಎದುರು ಗೋಡೆಯಲ್ಲಿ ಗಾಳಿ ಒಳಬರುವ ಕಿಂಡಿ ಇಲ್ಲದಿದ್ದರೆ ಎಂಥ ಫ್ಯಾನೂ ಸುಮ್ಮನೆ ಗುಂಯ್‌ಗುಡುತ್ತದೆ.

ಹಳೇ ಮನೆಗೆ ವಿಶೇಷವಾದ ಇನ್ನೊಂದು ಅಪಾಯ ಹೊಸಿಲು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ನಮ್ಮ ಅಡುಗೆಮನೆಗಳ ಎತ್ತರದ ಹೊಸಿಲು ಅದನ್ನು ಕೆರೆಯ ಏರಿಯ ಹಾಗೆ ತಡೆದು ನಿಲ್ಲಿಸುತ್ತದೆ. ಹೊರಗೋಡೆಯಲ್ಲಿ ನೆಲದ ಮಟ್ಟಕ್ಕೆ ಜಾಲರಿ ಹಾಕಿದ ಕಿಂಡಿ ಬಿಡಿ. ಸಾಧ್ಯವಾದರೆ ಸಿಲಿಂಡರನ್ನೇ ಹೊರಗೆ, ನೆರಳಿನಲ್ಲಿ ಪಂಜರ ಮಾಡಿ ಇಡಿ.

ಗೋಡೆ ಮುಚ್ಚುವ ಮುಂಚೆ ವೈರು, ಪೈಪು

ಮರದ ಪಟ್ಟಿಯ ಹಳೇ ವೈರಿಂಗ್ ಇದ್ದರೆ ಪೂರ್ತಿ ಬದಲಿಸಿ, ಇಲ್ಲಿ ಮಾತ್ರ ಹಳೆಯದರ ಮೇಲೆ ಮಮಕಾರ ಬೇಡ. 2,000 ವ್ಯಾಟಿನ ಇಂಡಕ್ಷನ್ ಒಲೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದನ್ನು 6 ಆಂಪಿಯರಿನ ಸಣ್ಣ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕೆಟ್ಟು ಕರಗುತ್ತದೆ. ಒಲೆಗೆ, ಗ್ರೈಂಡರಿಗೆ, ಫ್ರಿಜ್ಜಿಗೆ ಬೋರ್ಡಿನಿಂದ ಬೇರೆ ಬೇರೆ ಲೈನ್ ಎಳೆಸಿ. 16 ಆಂಪಿಯರ್ ಸಾಕೆಟ್ಟಿಗೆ ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಬೇಕು, ಬೋರ್ಡ್ ದೂರವಿದ್ದರೆ 4. ಅರ್ಥಿಂಗ್ ಮತ್ತು ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯ ಅಂತ ಎಲೆಕ್ಟ್ರಿಷಿಯನ್‌ಗೆ ಬರೆದೇ ಕೊಡಿ. ಒಟ್ಟು ಲೋಡ್ ಮಂಜೂರಾದದ್ದಕ್ಕಿಂತ ಮೀರುವಂತಿದ್ದರೆ ಮೆಸ್ಕಾಂಗೋ ಬೆಸ್ಕಾಂಗೋ ಮೊದಲೇ ಅರ್ಜಿ ಹಾಕಿ.

ಮಣ್ಣಿನ ಗೋಡೆಯನ್ನು ಕೊರೆದು ನೀರಿನ ಪೈಪ್ ಹುದುಗಿಸಬೇಡಿ. ಹೊರಮೈಯಲ್ಲೇ ಕ್ಲಿಪ್ ಹಾಕಿ ಓಡಿಸಿ. ಚೆಂದ ಸ್ವಲ್ಪ ಕಮ್ಮಿ, ಆದರೆ ಸೋರಿದರೆ ಅದೇ ದಿನ ಕಣ್ಣಿಗೆ ಬೀಳುತ್ತದೆ.

ಗಾರೆ

ಈಗ ಗೋಡೆ. ಸುಣ್ಣದ ಗಾರೆ ಮಾಡುವ ಮೇಸ್ತ್ರಿ ಸಿಗುವುದೇ ಕಷ್ಟ. ಸಿಕ್ಕವರಿಗೂ ‘ಸ್ವಲ್ಪ ಸಿಮೆಂಟ್ ಬೆರೆಸಿದರೆ ಬೇಗ ಹಿಡೀತದೆ ಅಕ್ಕ’ ಅನ್ನುವ ಚಾಳಿ ಇರುತ್ತದೆ. ಆ ಒಂದು ಮಾತಿಗೆ ಮಾತ್ರ ಒಪ್ಪಬೇಡಿ.

ಮಾಡುವ ಕ್ರಮ ಹೀಗೆ. ಸುಟ್ಟ ಸುಣ್ಣದ ಕಲ್ಲನ್ನು, ಕರಾವಳಿಯ ಕಡೆಯಾದರೆ ಚಿಪ್ಪಿನ ಸುಣ್ಣವನ್ನು, ಗುಂಡಿಯಲ್ಲಿ ನೀರಿಗೆ ಹಾಕಿ ಅರಳಿಸಬೇಕು. ನೀರಿಗೆ ಸುಣ್ಣ ಹಾಕಿ, ಸುಣ್ಣಕ್ಕೆ ನೀರು ಹೊಯ್ಯಬೇಡಿ. ಕುದಿದು ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಇರಲೇಬೇಕು. ಕನಿಷ್ಠ ಎರಡು ವಾರ ನೀರಿನಡಿ ಬಿಡಿ, ಒಂದು ತಿಂಗಳಾದರೆ ಇನ್ನೂ ಒಳ್ಳೆಯದು. ಅದು ಬೆಣ್ಣೆಯ ಹದಕ್ಕೆ ಬರಬೇಕು. ಕರಣೆಯಲ್ಲಿ ತೆಗೆದು ಮಗುಚಿದರೆ ಮೊದಲು ಅಂಟಿ ನಿಂತು, ಆಮೇಲೆ ನಿಧಾನಕ್ಕೆ ಜಾರಬೇಕು. ತರಿ ಕೈಗೆ ಸಿಗುತ್ತಿದ್ದರೆ ಸೋಸಿ. ಅರಳದ ತರಿ ಗೋಡೆಗೆ ಹೋದರೆ ತಿಂಗಳುಗಳ ಮೇಲೆ ಅರಳಿ ಗೋಡೆಯಲ್ಲಿ ಮೊಡವೆ ಏಳುತ್ತದೆ.

ಬೆರಕೆಗೆ ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ, ಎರಡು ಪಾಲು ಜರಡಿ ಹಿಡಿದ ಮರಳು. ಸುರ್ಕಿ ಅಂದರೆ ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿ. ಒಡೆದ ಹೆಂಚನ್ನೂ ಕುಟ್ಟಿ ಬಳಸಬಹುದು, ನಾವು ಹಾಗೇ ಮಾಡಿದ್ದು. ಸುರ್ಕಿ ಸೇರಿದ ಸುಣ್ಣ ತೇವದಲ್ಲೂ ಗಟ್ಟಿಯಾಗುತ್ತದೆ, ಅಡುಗೆಮನೆಗೆ ಅದೇ ಬೇಕಾದ ಗುಣ. ಅಳಲೆಕಾಯಿ ಜಜ್ಜಿ, ಬೆಲ್ಲದ ಜೊತೆ ಒಂದೆರಡು ವಾರ ನೆನೆಹಾಕಿದ ನೀರಿನಲ್ಲಿ ಕಲಸುವುದು ಹಳೇ ಪದ್ಧತಿ. ಗಾರೆಯ ಅಂಟು, ಗಟ್ಟಿತನ ಅದರಿಂದ ಹೆಚ್ಚುತ್ತದೆ. ಕೆಲಸದ ಜಾಗಕ್ಕೆ ಇರುವೆ, ನೊಣ ಮುತ್ತುವುದೂ ಅದರಿಂದಲೇ.

ಗೋಡೆಯ ಧೂಳು ಗುಡಿಸಿ, ನೀರು ಚಿಮುಕಿಸಿ, ಮೊದಲ ಪದರ ಅರ್ಧ ಇಂಚು ಮೀರದಂತೆ ಹೊಡೆಸಿ. ಅದು ಬಿಗಿಯಾದ ಮೇಲೆ ತೆಳ್ಳನೆ ಎರಡನೇ ಪದರ. ಒಂದು ವಾರ ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ, ನೇರ ಬಿಸಿಲು ಬೀಳುವಲ್ಲಿ ಒದ್ದೆ ಗೋಣಿ ಇಳಿಬಿಡಿ. ಬೇಗ ಒಣಗಿದರೆ ಸುಣ್ಣ ಪುಡಿಯಾಗುತ್ತದೆ. ಜೋರು ಮಳೆಗಾಲದಲ್ಲಿ ಈ ಕೆಲಸ ಹಚ್ಚಬೇಡಿ, ಒಣಗುವುದೇ ಇಲ್ಲ. ಮೇಲೆ ಸುಣ್ಣವನ್ನೇ ಬಳಿಯಿರಿ. ಇಷ್ಟೆಲ್ಲ ಮಾಡಿ ಪ್ಲಾಸ್ಟಿಕ್ ಎಮಲ್ಷನ್ ಹೊಡೆದರೆ ಗೋಡೆಯ ಮೂಗಿಗೆ ಬಟ್ಟೆ ತುರುಕಿದ ಹಾಗೆ.

ಸಿಂಕಿನ ಹಿಂದೆ, ಒಲೆಯ ಹಿಂದೆ ಎಣ್ಣೆ-ನೀರು ಸಿಡಿಯುವಲ್ಲಿ ಮಾತ್ರ ಒಂದೂವರೆ ಅಡಿ ಎತ್ತರಕ್ಕೆ ಕಲ್ಲಿನ ಪಟ್ಟಿ ಕೂರಿಸಿ. ಗೋಡೆ ಪೂರ್ತಿ ಮುಚ್ಚುವ ಅಗತ್ಯವಿಲ್ಲ.

ನೆಲ, ಕಟ್ಟೆ, ಕಪಾಟು

ಹಳೇ ಕೆಂಪು ನೆಲವಿದ್ದರೆ ಅದನ್ನು ಕಿತ್ತು ಟೈಲ್ಸ್ ಹಾಕುವವರನ್ನು ಕಂಡರೆ ನನಗೆ ಮರುಕ. ಅಂಟವಾಳದ ನೀರಲ್ಲಿ ಉಜ್ಜಿ, ಬಿರುಕಿಗೆ ಆಕ್ಸೈಡ್ ಬಣ್ಣದ ಪುಡಿ ಬೆರೆಸಿದ ಸಿಮೆಂಟ್ ತುಂಬಿ, ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಒರೆಸಿ ನೋಡಿ. ಆಸಿಡ್ ಮಾತ್ರ ಹಾಕಬೇಡಿ, ಮೈಯನ್ನೇ ತಿನ್ನುತ್ತದೆ.

ಹೊಸದಾಗಿ ಹಾಕುವುದಾದರೆ, ಎತ್ತಿಟ್ಟ ಇಟ್ಟಿಗೆ ಚೂರನ್ನು ಸುಣ್ಣದ ಜೊತೆ ದಮ್ಮಸು ಮಾಡಿ ತಳ, ಅದರ ಮೇಲೆ ಒಂದಕ್ಕೆ ನಾಲ್ಕರ ಸಿಮೆಂಟ್-ಮರಳಿನ ತೆಳ್ಳನೆ ಹಾಸು, ಅದು ಹಸಿಯಿರುವಾಗಲೇ ಆಕ್ಸೈಡಿನ ಪದರ. ಇಲ್ಲಿ ಸಿಮೆಂಟ್ ಬೇಕಾಗುತ್ತದೆ, ಪಿಪಿಸಿ ಎಂಬ ಬೆರಕೆ ಸಿಮೆಂಟ್ ತನ್ನಿ. ಅದರಲ್ಲಿ ಶೇ. 15ರಿಂದ 35ರವರೆಗೆ ಹಾರುಬೂದಿ ಇರುವುದರಿಂದ ಸುಡಬೇಕಾದ ಕ್ಲಿಂಕರ್, ಅಂದರೆ ಸಿಮೆಂಟಿನ ಮೂಲ ಉಂಡೆ, ಅಷ್ಟು ಕಮ್ಮಿ. ಮೂರು ನಾಲ್ಕು ಅಡಿಗೊಂದು ಗಾಜಿನ ಪಟ್ಟಿ ಕೊಟ್ಟು ಭಾಗ ಮಾಡಿದರೆ ಬಿರುಕು ಓಡುವುದಿಲ್ಲ. ಏಳು ದಿನ ನೀರು ನಿಲ್ಲಿಸಿ, ಅಷ್ಟೂ ದಿನ ಯಾರೂ ಮೆಟ್ಟಬಾರದು. ನಮ್ಮ ನೆಲದಲ್ಲಿ ಬೆಕ್ಕಿನ ನಾಲ್ಕು ಹೆಜ್ಜೆ ಈಗಲೂ ಇದೆ.

ಕಟ್ಟೆಗೆ ಹಳೇ ಕಡಪ ಚಪ್ಪಡಿ ಗಟ್ಟಿಯಿದ್ದರೆ ಪಾಲಿಶ್ ಮಾಡಿಸಿ ಅದನ್ನೇ ಹಾಕಿ. ಇಲ್ಲವಾದರೆ ಗ್ರಾನೈಟ್, ಅದೂ ನಮ್ಮ ನೆಲದ್ದೇ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು, ಸಾದರಹಳ್ಳಿಯ ಬೂದು ಇರುವಾಗ ಸಮುದ್ರ ದಾಟಿ ಬಂದ ಕಲ್ಲು ಯಾಕೆ? ಕಲ್ಲಿನ ಯಾರ್ಡಿನಲ್ಲಿ ದೊಡ್ಡ ಚಪ್ಪಡಿ ಕೊಯ್ದು ಉಳಿದ ತುಂಡುಗಳು ಕಮ್ಮಿ ಬೆಲೆಗೆ ಸಿಗುತ್ತವೆ, ಅಳತೆ ಚೀಟಿ ಹಿಡಿದೇ ಹೋಗಿ. ರಾಳ ಬೆರೆಸಿ ಮಾಡಿದ ಕೃತಕ ಕ್ವಾರ್ಟ್ಸ್ ಈಗ ಎಲ್ಲೆಲ್ಲೂ ಕಾಣುತ್ತಿದೆ. ಅದನ್ನು ಕೊಯ್ಯುವವರ ಶ್ವಾಸಕೋಶಕ್ಕೆ ಸಿಲಿಕಾ ಧೂಳು ಎಷ್ಟು ಕೆಟ್ಟದ್ದೆಂದರೆ ಆಸ್ಟ್ರೇಲಿಯಾ 2024ರ ಜುಲೈನಿಂದ ಅದನ್ನು ನಿಷೇಧಿಸಿದೆ.

ಕಪಾಟಿಗೆ ನಮ್ಮ ಕಡೆಯ ಹಳೇ ಉಪಾಯವೇ ಸರಿ. ಕಟ್ಟೆಯ ಕೆಳಗೆ ಕಡಪ ಕಲ್ಲಿನ ಅಡ್ಡ ಹಲಗೆ, ಮುಂದೆ ಮರದ ಬಾಗಿಲು ಮಾತ್ರ. ಕಲ್ಲಿಗೆ ಗೆದ್ದಲಿಲ್ಲ, ನೀರಿನ ಭಯವಿಲ್ಲ. ದಪ್ಪ ಗೋಡೆಯ ಗೂಡುಗಳನ್ನು ಮುಚ್ಚಬೇಡಿ, ಉಪ್ಪಿನಕಾಯಿ ಭರಣಿಗೆ ಅದಕ್ಕಿಂತ ತಣ್ಣನೆ ಜಾಗ ಬೇರಿಲ್ಲ. ಪ್ಲೈವುಡ್ ಬೇಕೇ ಬೇಕು ಎಂದರೆ ಭಾರತೀಯ ಮಾನಕದ ಗುರುತಾದ ಐಎಸ್ 710 ಅಥವಾ ಐಎಸ್ 303ರ, ಕುದಿನೀರನ್ನೂ ತಾಳುವ ಬಿಡಬ್ಲ್ಯೂಆರ್ ದರ್ಜೆಯದು, ಅದರಲ್ಲೂ ಫಾರ್ಮಾಲ್ಡಿಹೈಡ್ ಕಮ್ಮಿ ಬಿಡುವ ಇ-0 ಅಥವಾ ಇ-1 ಗುರುತಿನದು ಕೇಳಿ. ಬಾಗಿಲಿಗೆ ಅಗಸೆ ಎಣ್ಣೆ ಚೆನ್ನ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನೇ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ.

ಯಾವ ಒಲೆ

ಇಲ್ಲಿ ಲೆಕ್ಕ ಮಾಡದೆ ಯಾರ ಮಾತನ್ನೂ ನಂಬಬೇಡಿ, ನನ್ನದನ್ನೂ. 14.2 ಕಿಲೋ ಸಿಲಿಂಡರಿನಲ್ಲಿ ಹೆಚ್ಚು ಕಡಿಮೆ 180 ಯೂನಿಟ್ ಕರೆಂಟಿನಷ್ಟು ಶಕ್ತಿ ಇರುತ್ತದೆ. ಮನೆಯ ಗ್ಯಾಸ್ ಒಲೆಗೆ ಐಎಸ್ 4246 ಕೇಳುವ ಕನಿಷ್ಠ ದಕ್ಷತೆ ಶೇ. 68, ಅಂದರೆ ಪಾತ್ರೆಗೆ ಮುಟ್ಟುವುದು ಸುಮಾರು 122 ಯೂನಿಟ್. ಇಂಡಕ್ಷನ್‌ನಲ್ಲಿ ಶೇ. 85 ಮುಟ್ಟುತ್ತದೆ ಎಂದು ಹಿಡಿದರೆ ಅದೇ ಅಡುಗೆಗೆ 144 ಯೂನಿಟ್ ಕರೆಂಟ್ ಬೇಕು. ನಿಮ್ಮ ಬಿಲ್ಲಿನ ಯೂನಿಟ್ ದರವನ್ನು 144ರಿಂದ ಗುಣಿಸಿ, ಸಿಲಿಂಡರ್ ಬೆಲೆಯ ಪಕ್ಕ ಬರೆಯಿರಿ. ಉತ್ತರ ಅಲ್ಲೇ ಇದೆ.

ಗೃಹಜ್ಯೋತಿ ಇರುವವರು ಇನ್ನೊಂದು ಲೆಕ್ಕ ಸೇರಿಸಬೇಕು. ಆ ಯೋಜನೆಯಲ್ಲಿ ಉಚಿತ ಯೂನಿಟ್ ನಿಗದಿಯಾಗಿರುವುದು 2022-23ರ ನಿಮ್ಮ ಸರಾಸರಿ ಬಳಕೆಯ ಮೇಲೆ. ಅದನ್ನು ಮೀರಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಅಡುಗೆಯನ್ನೆಲ್ಲ ಇಂಡಕ್ಷನ್‌ಗೆ ಹಾಕಿ ಆ ಗೆರೆ ದಾಟಿದರೆ ಉಳಿಸಲು ಹೋಗಿ ಕಳೆದುಕೊಂಡಂತೆ. ನಾವು ಹಾಲು, ಚಹಾ, ಕುಕ್ಕರ್ ಮಾತ್ರ ಇಂಡಕ್ಷನ್‌ಗೆ ಹಾಕಿದ್ದೇವೆ. ರೊಟ್ಟಿ, ಒಗ್ಗರಣೆ ಗ್ಯಾಸ್ ಮೇಲೆ.

ದನವಿದ್ದವರಿಗೆ ಗೋಬರ್ ಗ್ಯಾಸಿನಷ್ಟು ಲಾಭ ಇನ್ನೊಂದಿಲ್ಲ. ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ, ಅಂದರೆ ನಾಲ್ಕೈದು ರಾಸು ಬೇಕು. ಬರುವ ಅನಿಲ ದಿನಕ್ಕೆ 0.9 ಕಿಲೋ ಎಲ್‌ಪಿಜಿಗೆ ಹತ್ತಿರ. ಹದಿನಾರು ದಿನಕ್ಕೊಂದು ಸಿಲಿಂಡರ್ ಮನೆಯಲ್ಲೇ ಹುಟ್ಟಿದ ಹಾಗೆ, ಮೇಲೆ ತೋಟಕ್ಕೆ ಸ್ಲರಿ.

ದನಕ್ಕೆ ಕುಡಿಯಲು ಕಾಸುವ ಬಾಯರಿಗೆ, ಸ್ನಾನದ ನೀರಿಗೆ ಸೌದೆ ಬಿಡಲಾಗದವರು ಮೂರು ಕಲ್ಲಿನ ಒಲೆಯನ್ನಾದರೂ ಬಿಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗೆ ಹೊಂದುವ ತಂತ್ರಜ್ಞಾನದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಲ್ಲಿ ಮನೆಮಾತಾಗಿದ್ದು ಸುಮ್ಮನೆ ಅಲ್ಲ. ಬೆಂಕಿಯ ಸುತ್ತ ಗೋಡೆ, ಗಾಳಿಗೆ ಅಳತೆಯ ಕಿಂಡಿ, ಹೊಗೆಗೆ ಕೊಳವೆ. ಕೊಳವೆಯ ಮಸಿಯನ್ನು ಆಗಾಗ ತೆಗೆಯದಿದ್ದರೆ ಮತ್ತೆ ಕಣ್ಣುರಿ.

ಫ್ರಿಜ್ಜು, ಫ್ಯಾನು, ನೀರು

ಫ್ರಿಜ್ ಕೊಳ್ಳುವಾಗ ಸ್ಟಾರ್ ಎಣಿಸುವುದಕ್ಕಿಂತ ಬಿಇಇ (ಕೇಂದ್ರದ ಇಂಧನ ದಕ್ಷತಾ ಸಂಸ್ಥೆ) ಚೀಟಿಯ ಮೇಲೆ ‘ವರ್ಷಕ್ಕೆ ಇಷ್ಟು ಯೂನಿಟ್’ ಎಂದಿರುವ ಅಂಕಿ ಓದಿ. ಮಾನದಂಡ ಆಗಾಗ ಬಿಗಿಯಾಗುವುದರಿಂದ ಹಳೇ ಐದು ಸ್ಟಾರೂ ಹೊಸ ಐದು ಸ್ಟಾರೂ ಒಂದಲ್ಲ. ಒಲೆಯ ಪಕ್ಕ ಇಡಬೇಡಿ, ಗೋಡೆಯಿಂದ ನಾಲ್ಕು ಬೆರಳಾದರೂ ದೂರ ನಿಲ್ಲಿಸಿ. ಸೀಲಿಂಗ್ ಫ್ಯಾನ್ ಬದಲಿಸುವುದಾದರೆ ಕಮ್ಮಿ ಕರೆಂಟ್ ತಿನ್ನುವ ಮೋಟರಿನ ಬಿಎಲ್‌ಡಿಸಿ, ಹಳೆಯದು 75 ವ್ಯಾಟ್ ತಿನ್ನುವಲ್ಲಿ ಇದಕ್ಕೆ 30ರ ಆಸುಪಾಸು ಸಾಕು.

ಸಿಂಕಿನ ನಲ್ಲಿಗೆ ನೀರಿನೊಟ್ಟಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಏರೇಟರ್ ಹಾಕಿ. 2024ರ ಬೇಸಿಗೆಯ ಬರದಲ್ಲಿ ಬೆಂಗಳೂರು ಜಲಮಂಡಳಿ ದೊಡ್ಡ ಬಳಕೆದಾರರಿಗೆ ಇದನ್ನು ಕಡ್ಡಾಯ ಮಾಡಿತ್ತು. ಮನೆಯಲ್ಲಿ ಹಾಕಿಕೊಳ್ಳಲು ಆದೇಶ ಯಾಕೆ, ಐದು ನಿಮಿಷದ ಕೆಲಸ. ಅಕ್ಕಿ ತೊಳೆದ ಅಕ್ಕಚ್ಚು ದನಕ್ಕೋ ಗಿಡಕ್ಕೋ ಬೇರೆ ಬಕೆಟ್ಟಿನಲ್ಲಿ ಹಿಡಿಯಿರಿ. ಸಿಂಕಿನ ನೀರನ್ನು ಮೊದಲು ಜಿಡ್ಡು ನಿಲ್ಲುವ ಸಣ್ಣ ತೊಟ್ಟಿಗೆ, ಅಲ್ಲಿಂದ ಜಲ್ಲಿ ತುಂಬಿದ ಕಾಲುವೆಯಲ್ಲಿ ಬಾಳೆ, ಕೆಸುವಿನ ಪಾತಿಗೆ ಬಿಡಿ. ಪಾತಿ ಗೋಡೆಯಿಂದ ಹತ್ತಡಿಯಾದರೂ ದೂರವಿರಲಿ. ನಮ್ಮ ಮೊದಲ ಸಲದ ತೇವಕ್ಕೆ ಗೋಡೆಗೇ ಅಂಟಿಕೊಂಡಿದ್ದ ಬಾಳೆ ಬುಡದ ಪಾಲೂ ಇತ್ತು. ತೊಟ್ಟಿಯ ಜಿಡ್ಡನ್ನು ವಾರಕ್ಕೊಮ್ಮೆ ತೆಗೆಯಬೇಕು, ಇದು ಯಾರ ಕೆಲಸ ಅಂತ ಮನೆಯಲ್ಲಿ ಮೊದಲೇ ತೀರ್ಮಾನವಾಗಲಿ.

ಮೊದಲ ಮಳೆಗಾಲ

ಕೆಲಸ ಮುಗಿದ ಮೇಲಿನ ಮೊದಲ ಜುಲೈನಲ್ಲಿ, ಮೂರು ದಿನ ಬಿಡದೆ ಮಳೆ ಹೊಡೆದ ಮೇಲೆ, ಟಾರ್ಚ್ ಹಿಡಿದು ಒಂದು ಸುತ್ತು ಬನ್ನಿ. ಹಿಂಗೋಡೆಯ ಬುಡ, ಗಾಜಿನ ಹೆಂಚಿನ ಅಂಚು, ಸಿಂಕಿನ ಕೆಳಗಿನ ಕಲ್ಲಿನ ಸಂದು, ಫ್ಯಾನ್ ಕೂರಿಸಿದ ತೂತು, ಈ ನಾಲ್ಕನ್ನು ಮುಟ್ಟಿ ನೋಡಿ. ಗಾರೆಯ ಗೋಡೆ ಮಳೆಯಲ್ಲಿ ಸ್ವಲ್ಪ ಕಪ್ಪಗಾಗುವುದು ಸಹಜ, ಹೆದರಬೇಡಿ. ಸೀಮೆಸುಣ್ಣದಲ್ಲಿ ಆ ಕಪ್ಪಿನ ಅಂಚು ಗುರುತು ಹಾಕಿ ದಿನಾಂಕ ಬರೆದಿಡಿ. ನಮ್ಮ ಗೋಡೆಯಲ್ಲಿ ಮೊದಲ ವರ್ಷದ ಗೆರೆ ನೆಲದಿಂದ ಒಂದು ಗೇಣಿತ್ತು. ಎರಡನೇ ವರ್ಷದ್ದು ನಾಲ್ಕು ಬೆರಳು. ಈ ಜುಲೈನಲ್ಲಿ ಸೀಮೆಸುಣ್ಣ ಹಿಡಿದು ಹೋಗಿ, ಎಲ್ಲಿ ಗೆರೆ ಎಳೆಯುವುದು ಅಂತ ತಿಳಿಯದೆ ವಾಪಸ್ ಬಂದೆ.